ಕಾಸರಗೋಡಿನಲ್ಲಿ ಕೂತು ಜಾಝ್ ಪಿಯಾನೋ: ಜೊತೆಗಾರರನ್ನೂ ಕೇಳುಗರನ್ನೂ ಆನ್‌ಲೈನ್‌ನಲ್ಲಿ ಕಂಡುಕೊಳ್ಳುವ ದಾರಿ

ಬದಿಯಡ್ಕದ ಹತ್ತಿರದ ನಮ್ಮ ಮನೆಯಲ್ಲಿ ಸಂಜೆ ಏಳಕ್ಕೆ ನಾನು ಪಿಯಾನೋ ಮುಂದೆ ಕೂರುತ್ತೇನೆ. ಹೊರಗೆ ಅಡಿಕೆ ತೋಟ, ಜೀರುಂಡೆಯ ಸದ್ದು. ಎಡಗೈ ಬೇಸ್ ನಡೆಸುತ್ತದೆ, ಬಲಗೈ ಹಾಡುತ್ತದೆ. ಎಷ್ಟೋ ವರ್ಷ ಹೀಗೆ ಒಬ್ಬನೇ ನುಡಿಸಿದೆ. ಕೈ ಚೆನ್ನಾಗಿಯೇ ಓಡುತ್ತಿತ್ತು, ಆದರೆ ಸಂಗೀತ ಮುಂದಕ್ಕೆ ಹೋಗುತ್ತಿರಲಿಲ್ಲ.

ತಾಳಮದ್ದಳೆ, ಅಂದರೆ ವೇಷವಿಲ್ಲದೆ ಕೂತು ಹಾಡಿ ಮಾತಾಡುವ ಯಕ್ಷಗಾನ, ಕೇಳಿದವರಿಗೆ ಈ ಕಷ್ಟ ಬೇಗ ಅರ್ಥವಾಗುತ್ತದೆ. ಭಾಗವತರು ಪದ ಹೇಳುತ್ತಾರೆ. ಪದ ಮೊದಲೇ ಇದೆ, ಕೂತವರಿಗೂ ಗೊತ್ತಿದೆ. ಆದರೆ ಅದರ ಮೇಲೆ ಕೃಷ್ಣ ಏನು ಹೇಳುತ್ತಾನೆ, ಕೌರವ ಹೇಗೆ ತಿರುಗಿಸಿ ಕೇಳುತ್ತಾನೆ ಎನ್ನುವುದು ಆ ರಾತ್ರಿಯೇ ಹುಟ್ಟುವಂಥದ್ದು. ಆ ಮಾತಿಗೆ ಅರ್ಥ ಎನ್ನುತ್ತಾರೆ; ಎದುರು ಅರ್ಥ ಹೇಳುವ ಅರ್ಥಧಾರಿ ಇಲ್ಲದೆ ಕೃಷ್ಣ ಒಬ್ಬನೇ ಸಂಧಾನಕ್ಕೆ ಕೂತರೆ ಹೇಗಿರುತ್ತದೆ? ಜಾಝ್ ಕೂಡ ಹಾಗೇ. ರಾಗದ ಸಾಲು (ಹಾಡಿನ ಧಾಟಿ), ಅದರ ಕೆಳಗೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪಾದ ಕಾರ್ಡ್‌ಗಳು ಮೊದಲೇ ನಿಶ್ಚಯ. ಉಳಿದದ್ದೆಲ್ಲ ಮಾತುಕತೆ. ಮಾತಿಗೆ ಎದುರು ಒಬ್ಬರು ಬೇಕು, ಅಲ್ವಾ?

ನಮ್ಮ ಜಿಲ್ಲೆಯಲ್ಲಿ ಆ ಒಬ್ಬರು ಸಿಗುವುದು ಸುಲಭವಲ್ಲ. ಹಾಗಾಗಿ ಇಂಟರ್ನೆಟ್ಟಿನ ದಾರಿ ಹಿಡಿದೆ. ನನಗೆ ಕೆಲಸಕ್ಕೆ ಬಂದದ್ದನ್ನೆಲ್ಲ ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ. ಕುಂಬಳೆಯಲ್ಲೋ ಮುಳ್ಳೇರಿಯದಲ್ಲೋ ಪೆರ್ಲದಲ್ಲೋ ಕೂತು ನುಡಿಸುವ ಇನ್ನೊಬ್ಬರಿಗೆ ಇದರಿಂದ ಒಂದಷ್ಟು ವರ್ಷ ಉಳಿದರೆ ನನಗೆ ತುಂಬಾ ಸಂತೋಷ.

ಮೊದಲ ಹೆಜ್ಜೆ: ಯಾರು ಬೇಕು ಎಂದು ತೀರ್ಮಾನಿಸಿ

ಜೊತೆ ನುಡಿಸುವವರು ಬೇಕಾ? ತಿದ್ದಿ ಹೇಳುವ ಹಿರಿಯರು ಬೇಕಾ? ಕೇಳುವವರು ಬೇಕಾ? ಮೂರೂ ಬೇಕು, ನಿಜ. ಆದರೆ ಮೂವರನ್ನೂ ಒಟ್ಟಿಗೆ ಹುಡುಕಲು ಹೋಗಬೇಡಿ. ಮೊದಲ ಆರು ತಿಂಗಳು ಜೊತೆಗಾರರನ್ನು ಮಾತ್ರ ಹುಡುಕಿ. ಇಬ್ಬರು ಮಾತಾಡಿಕೊಳ್ಳುವಂತೆ ನುಡಿಸಿದರೆ ಮೂರನೆಯವನು ನಿಂತು ಕೇಳುತ್ತಾನೆ. ಒಬ್ಬನೇ ನುಡಿಸಿ ಲೈಕ್ ಕೇಳುತ್ತಾ ಕೂತರೆ ಬೇಗ ಬೇಸರ ಬರುತ್ತದೆ.

ಎರಡನೇ ಹೆಜ್ಜೆ: ಸದ್ದು ಸರಿ ಮಾಡಿಕೊಳ್ಳಿ

ಡಿಜಿಟಲ್ ಪಿಯಾನೋ ಇದ್ದರೆ ಮೈಕ್ ಬೇಡವೇ ಬೇಡ. ಹಿಂಬದಿಯ ಲೈನ್ ಔಟ್‌ನಿಂದ ಎರಡು ಕೇಬಲ್, ಅಲ್ಲಿಂದ ಸದ್ದನ್ನು ಕಂಪ್ಯೂಟರಿಗೆ ಒಪ್ಪುವಂತೆ ಮಾಡುವ ಸಣ್ಣ ಪೆಟ್ಟಿಗೆ, ಅಂದರೆ ಆಡಿಯೋ ಇಂಟರ್‌ಫೇಸ್, ಅಲ್ಲಿಂದ ಕಂಪ್ಯೂಟರ್. ಇಷ್ಟೇ ಸಾಕು. ಜೂನ್ ತಿಂಗಳ ಮಳೆ ಶೀಟಿನ ಮಾಡಿನ ಮೇಲೆ ಹೊಡೆಯುವಾಗ ಮೈಕ್‌ನಲ್ಲಿ ರೆಕಾರ್ಡ್ ಮಾಡಿ ನೋಡಿದವರಿಗೆ ಇದರ ಬೆಲೆ ಗೊತ್ತು. ಲೈನ್ ಔಟ್‌ಗೆ ಮಳೆ ಕೇಳಿಸುವುದಿಲ್ಲ.

ರೆಕಾರ್ಡಿಂಗ್ 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ಇರಲಿ. ಅತಿ ಜೋರಾಗಿ ನುಡಿಸಿದಾಗಲೂ ಮೀಟರ್ ಮೈನಸ್ 6 ಡೆಸಿಬೆಲ್ ದಾಟದಂತೆ ನೋಡಿಕೊಳ್ಳಿ. ವಿಡಿಯೋಗೆ ಫೋನ್ ಸಾಕು. ಶುರುವಿನಲ್ಲಿ ಕ್ಯಾಮೆರಾ ಮುಂದೆ ಒಂದು ಸ್ವರ ಗಟ್ಟಿಯಾಗಿ ಒತ್ತಿ. ಫೋನಿನ ಸದ್ದನ್ನೂ ಕಂಪ್ಯೂಟರಿನ ಸದ್ದನ್ನೂ ಆಮೇಲೆ ಹೊಂದಿಸಲು ಅದೇ ಗುರುತು. ಕ್ಯಾಮೆರಾವನ್ನು ಕೈಗಳ ಮೇಲೆ, ಬಲಗಡೆ ಸ್ವಲ್ಪ ಎತ್ತರದಿಂದ ಇಡಿ. ಪಿಯಾನೋ ನುಡಿಸುವವರು ಮೊದಲು ನೋಡುವುದು ಬೆರಳನ್ನೇ.

ನಿಮ್ಮದು ತಂತಿಯ ಪಿಯಾನೋ ಆಗಿದ್ದರೆ ಬೇರೆ ಕಷ್ಟ ಇದೆ. ಕರಾವಳಿಯ ತೇವಕ್ಕೆ ಮರ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ, ಶ್ರುತಿ ಜಾರುತ್ತದೆ. ಒಬ್ಬರೇ ನುಡಿಸುವಾಗ ಅದು ಗೊತ್ತಾಗುವುದಿಲ್ಲ. ದೂರದ ಊರಿನ ಸ್ಯಾಕ್ಸೊಫೋನಿನ ಜೊತೆ ಸೇರಿಸಿದಾಗ ಎರಡೂ ಬೇರೆ ಬೇರೆ ನಿಲ್ಲುತ್ತವೆ. ಮಧ್ಯದ ಎ ಸ್ವರ 440 ಹರ್ಟ್ಸ್ ಇದೆಯಾ ಎಂದು ಫೋನಿನ ಟ್ಯೂನರ್‌ನಲ್ಲಿ ನೋಡಿ, ಆಮೇಲೆ ರೆಕಾರ್ಡ್ ಮಾಡಿ.

ಇನ್ನೊಂದು ಮಾತು, ಸಂಗೀತದ್ದಲ್ಲ. ಗುಡುಗು ಶುರುವಾಗುವ ಮೊದಲೇ ಪಿಯಾನೋ, ಇಂಟರ್‌ಫೇಸ್, ರೂಟರ್ ಮೂರರ ಪ್ಲಗ್ಗನ್ನೂ ಕಿತ್ತಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಸುಮ್ನೆ ಕರೆಂಟು ಹೋಗುವ ದಿನಗಳಿಗೆ ರೂಟರ್‌ಗೆಂದೇ ಬರುವ 12 ವೋಲ್ಟಿನ ಸಣ್ಣ ಯುಪಿಎಸ್ ಇಟ್ಟುಕೊಳ್ಳಿ.

ಮೂರನೇ ಹೆಜ್ಜೆ: ಒಟ್ಟಿಗೆ ನುಡಿಸಲು ಆಗುತ್ತದಾ ಎಂದು ಲೆಕ್ಕ ಹಾಕಿ

ವಿಡಿಯೋ ಕಾಲ್‌ನಲ್ಲಿ ಇಬ್ಬರೂ ಒಂದೇ ತಾಳಕ್ಕೆ ನುಡಿಸಲು ಹೊರಟರೆ ಹತ್ತು ಸೆಕೆಂಡಿನಲ್ಲಿ ಎಲ್ಲ ಕುಸಿಯುತ್ತದೆ. ತಪ್ಪು ನಿಮ್ಮದಲ್ಲ, ಸದ್ದು ತಡವಾಗಿ ಬರುವುದರದ್ದು.

ಗಾಳಿಯಲ್ಲಿ ಸದ್ದು ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಹೋಗುತ್ತದೆ. ವೇದಿಕೆಯಲ್ಲಿ ನಿಮಗೂ ಡ್ರಮ್ಸ್‌ಗೂ ಹತ್ತು ಮೀಟರ್ ಅಂತರ ಇದ್ದರೆ 29 ಮಿಲಿಸೆಕೆಂಡ್ ತಡ. ಕಷ್ಟಪಟ್ಟು ನಿಭಾಯಿಸಬಹುದು. ಅದಕ್ಕಿಂತ ಜಾಸ್ತಿಯಾದರೆ ಒಬ್ಬರು ಇನ್ನೊಬ್ಬರಿಗೆ ಕಾಯುತ್ತಾ ಲಯ ನಿಧಾನವಾಗುತ್ತಾ ಹೋಗುತ್ತದೆ. ಫೈಬರ್ ತಂತಿಯಲ್ಲಿ ಬೆಳಕು ಒಂದು ಮಿಲಿಸೆಕೆಂಡಿಗೆ 200 ಕಿಲೋಮೀಟರಿನಷ್ಟು ಓಡುತ್ತದೆ. ಅಂದರೆ ಬೆಂಗಳೂರು, ಕೊಚ್ಚಿ, ಚೆನ್ನೈ ನಮಗೆ ಕೈಗೆ ಸಿಗುವ ದೂರದಲ್ಲಿವೆ. ನ್ಯೂಯಾರ್ಕ್ ಸುಮಾರು 13 ಸಾವಿರ ಕಿಲೋಮೀಟರ್. ದಾರಿ ನೇರವೇ ಇದ್ದರೂ ಒಂದು ಬದಿಗೇ 65 ಮಿಲಿಸೆಕೆಂಡ್ ಬೇಕು. ಅಲ್ಲಿನವರ ಜೊತೆ ಒಂದೇ ಹೊತ್ತಿಗೆ ನುಡಿಸುವ ಆಸೆ ಬಿಟ್ಟುಬಿಡಿ, ಯಾವ ಆಪ್ ಬಂದರೂ ಬೆಳಕು ಇದಕ್ಕಿಂತ ಬೇಗ ಓಡುವುದಿಲ್ಲ.

ಹತ್ತಿರದವರ ಜೊತೆ ನುಡಿಸಲು ಜ್ಯಾಮುಲಸ್, ಸೋನೋಬಸ್, ಜ್ಯಾಕ್‌ಟ್ರಿಪ್ ಎಂಬ ತಂತ್ರಾಂಶಗಳಿವೆ. ಜ್ಯಾಮುಲಸ್ ಮತ್ತು ಸೋನೋಬಸ್ ಎರಡೂ ಉಚಿತ. ಶುರುವಿಗೆ ಸೋನೋಬಸ್ ಸುಲಭ ಎನ್ನುವುದು ನನ್ನ ಅನುಭವ. ಆದರೆ ವೈಫೈ ಬೇಡ. ರೂಟರ್‌ನಿಂದ ಕಂಪ್ಯೂಟರಿಗೆ ನೇರ ಕೇಬಲ್ ಎಳೆಯಿರಿ. ಬ್ಲೂಟೂತ್ ಹೆಡ್‌ಫೋನ್ ಕೂಡ ಬೇಡ, ತಂತಿಯದ್ದೇ ಬೇಕು. ಇಂಟರ್‌ಫೇಸಿನ ಬಫರ್ (ಒಂದು ಸಲಕ್ಕೆ ಕೂಡಿಟ್ಟು ಕಳಿಸುವ ಸದ್ದಿನ ತುಣುಕು) 128 ಸ್ಯಾಂಪಲ್‌ಗೆ ಇಳಿಸಿ. 48 ಕಿಲೋಹರ್ಟ್ಸ್‌ನಲ್ಲಿ ಅದು ಸುಮಾರು 2.7 ಮಿಲಿಸೆಕೆಂಡ್. ಚಟಪಟ ಸದ್ದು ಬಂದರೆ 256ಕ್ಕೆ ಏರಿಸಿ.

ಬರೀ ಪಾಠಕ್ಕೋ ಮಾತಿಗೋ ಜೂಮ್ ಬಳಸುವುದಾದರೆ 'ಒರಿಜಿನಲ್ ಸೌಂಡ್ ಫಾರ್ ಮ್ಯುಸಿಶಿಯನ್ಸ್' ಎನ್ನುವುದನ್ನು ಆನ್ ಮಾಡಿ. ಇಲ್ಲದಿದ್ದರೆ ಪೆಡಲ್ ಒತ್ತಿ ಹಿಡಿದ ಸ್ವರದ ಬಾಲವನ್ನು ಅದು ಗದ್ದಲ ಎಂದುಕೊಂಡು ಕತ್ತರಿಸುತ್ತದೆ.

ನಾಲ್ಕನೇ ಹೆಜ್ಜೆ: ಫೈಲ್ ಕಳಿಸಿ, ಫೈಲ್ ಪಡೆಯಿರಿ

ಈ ಲೇಖನದಲ್ಲಿ ಒಂದೇ ಭಾಗ ಓದುವುದಾದರೆ ಇದನ್ನು ಓದಿ. ದೂರದವರ ಜೊತೆ ನಿಜವಾದ ಜಾಝ್ ನುಡಿಸಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಸಿಕ್ಕಿಲ್ಲ.

ಮೊದಲ ಸಲ 12 ಬಾರಿನ ಬ್ಲೂಸ್ ಆರಿಸಿ. ಎಲ್ಲರಿಗೂ ಗೊತ್ತಿರುತ್ತದೆ, ವಾದಕ್ಕೆ ಜಾಗ ಇಲ್ಲ. ಎಫ್ ಕೀ, ನಿಮಿಷಕ್ಕೆ 120 ಬೀಟ್. ಬಾರಿಗೆ ನಾಲ್ಕು ಬೀಟ್, ಹಾಗಾಗಿ ಒಂದು ಕೋರಸ್, ಅಂದರೆ 12 ಬಾರಿನ ಒಂದು ಸುತ್ತು, ಸರಿಯಾಗಿ 24 ಸೆಕೆಂಡ್. ಐದು ಕೋರಸ್ ಎಂದರೆ ಎರಡು ನಿಮಿಷ. ಮೊದಲ ಸಲ ಇದಕ್ಕಿಂತ ಉದ್ದ ಬೇಡ. ಯಾವ ಕೋರಸ್ ಯಾರದ್ದು ಎಂದು ಬರೆದು ಕಳಿಸಿ: ಒಂದು ರಾಗಕ್ಕೆ, ಎರಡು ಅವರಿಗೆ, ಒಂದು ನಿಮಗೆ, ಕೊನೆಯದು ಮತ್ತೆ ರಾಗಕ್ಕೆ.

ಶುರುವಿಗೆ ಎರಡು ಬಾರ್ ಮೆಟ್ರೊನೋಮ್ ಎಣಿಕೆ ಇಡಿ. ಎಲ್ಲರ ಫೈಲೂ ಆ ಎಣಿಕೆಯ ಮೊದಲ ಬೀಟಿನಿಂದಲೇ ಶುರುವಾಗಬೇಕು, ನಡುವಿನಿಂದ ಕತ್ತರಿಸಿ ಕಳಿಸಬಾರದು. ವೇವ್ ಫೈಲ್ ಕಳಿಸಿ, ಎಂಪಿ3 ಬೇಡ. ಸ್ಯಾಂಪಲ್ ರೇಟ್ (ಮೇಲೆ ಹೇಳಿದ 48 ಕಿಲೋಹರ್ಟ್ಸ್ ಅಂಥದ್ದು) ಎಷ್ಟು ಎಂದು ಫೈಲಿನ ಹೆಸರಿನಲ್ಲೇ ಬರೆಯಿರಿ. ಇದನ್ನು ನಾನು ಕಷ್ಟಪಟ್ಟು ಕಲಿತೆ. ನಾನು 48ರಲ್ಲಿ ಕಳಿಸಿದ್ದೆ, ಗೆಳೆಯನ ತಂತ್ರಾಂಶ ಅದನ್ನು 44.1 ಎಂದು ಓದಿತು. ಇಡೀ ಹಾಡು ಸುಮಾರು ಒಂದೂವರೆ ಸೆಮಿಟೋನ್ (ಪಿಯಾನೋದ ಪಕ್ಕಪಕ್ಕದ ಎರಡು ಕೀಗಳ ಅಂತರ ಒಂದು ಸೆಮಿಟೋನ್) ಇಳಿದು ನಿಧಾನವಾಯಿತು. ಅವನು ಪಾಪ, ಆ ಶ್ರುತಿಗೇ ತನ್ನ ಬೇಸ್ ಹೊಂದಿಸಿಕೊಂಡು ಇಡೀ ಭಾನುವಾರ ನುಡಿಸಿ ಕಳಿಸಿದ. ಅವನ ಆ ಶ್ರಮ ಹಾಳಾದದ್ದು ನನಗೆ ಇವತ್ತಿಗೂ ಬೇಸರ.

ಇನ್ನು ನುಡಿಸುವ ವಿಷಯ. ಒಬ್ಬರೇ ನುಡಿಸಿ ಅಭ್ಯಾಸವಾದ ಎಡಗೈ ಇಲ್ಲಿ ತೊಂದರೆ ಕೊಡುತ್ತದೆ. ಬೇಸ್ ನುಡಿಸುವವರು ಬರಲಿದ್ದಾರೆ ಎಂದರೆ ಮೂಲ ಸ್ವರವನ್ನು ಅವರಿಗೆ ಬಿಡಿ. ಕಾರ್ಡಿನ ಮೂರನೆಯ ಮತ್ತು ಏಳನೆಯ ಸ್ವರ ಹಿಡಿದರೆ ಸಾಕು. ಎಫ್ ಸೆವೆಂತ್‌ಗೆ ಎ ಮತ್ತು ಇ ಫ್ಲ್ಯಾಟ್, ಬಿ ಫ್ಲ್ಯಾಟ್ ಸೆವೆಂತ್‌ಗೆ ಡಿ ಮತ್ತು ಎ ಫ್ಲ್ಯಾಟ್. ಎರಡೇ ಸ್ವರದಲ್ಲಿ ಇಡೀ ಕಾರ್ಡ್ ಕೇಳಿಸುತ್ತದೆ. ಬೇಸ್‌ಗೂ ಜಾಗ ಸಿಗುತ್ತದೆ.

ಮುಖ್ಯವಾದ ಗುಟ್ಟು ಇನ್ನೊಂದು. ಪಿಯಾನೋವನ್ನು ಎರಡು ಸಲ ನುಡಿಸಿ. ಮೊದಲನೆಯದು ದಾರಿ ತೋರಿಸಲು ಮಾತ್ರ, ಸರಳವಾಗಿ. ಅದರ ಮೇಲೆ ಬೇಸ್ ಬರಲಿ, ಡ್ರಮ್ಸ್ ಬರಲಿ, ಸ್ಯಾಕ್ಸೊಫೋನಿನವರು ಸೋಲೋ ನುಡಿಸಿ ಕಳಿಸಲಿ. ಎಲ್ಲ ಬಂದ ಮೇಲೆ ನಿಮ್ಮ ಮೊದಲ ಟ್ರ್ಯಾಕ್ ಅಳಿಸಿ, ಅವರ ಸೋಲೋವನ್ನು ಕೇಳುತ್ತಾ ಹೊಸದಾಗಿ ಕಾಂಪಿಂಗ್, ಅಂದರೆ ಸೋಲೋಗೆ ಒತ್ತಾಸೆಯಾಗಿ ಕಾರ್ಡ್, ನುಡಿಸಿ. ಅವರು ಉಸಿರು ತೆಗೆದುಕೊಂಡ ಕಡೆ ನೀವು ಒಂದು ಮಾತು ಸೇರಿಸಿ. ಅವರು ಏರಿದಲ್ಲಿ ನೀವು ಸುಮ್ಮನಿರಿ. ಕೇಳಿದವರು 'ಒಂದೇ ಕೋಣೆಯಲ್ಲಿ ನುಡಿಸಿದಿರಾ' ಎಂದು ಕೇಳುವುದು ಈ ಎರಡನೆಯ ಟ್ರ್ಯಾಕಿನಿಂದಲೇ. ಭಾಗವತರ ಪದಕ್ಕೆ ಮದ್ದಳೆ ಎಲ್ಲಿ ಹಗುರಾಗುತ್ತದೆ, ಎಲ್ಲಿ ಹೊಮ್ಮುತ್ತದೆ ಎಂದು ಕೇಳಿ ಬೆಳೆದವರಿಗೆ ಇದನ್ನು ಬೇರೆ ಯಾರೂ ಕಲಿಸಬೇಕಿಲ್ಲ.

ಐದನೇ ಹೆಜ್ಜೆ: ಅಪರಿಚಿತರಿಗೆ ಬರೆಯುವುದು

'ಸೂಪರ್ ಬ್ರೋ, ಕೊಲಾಬ್ ಮಾಡೋಣ' ಎಂದು ಬರೆದರೆ ಉತ್ತರ ಬರುವುದಿಲ್ಲ. ಅವರ ಮೂರು ವಿಡಿಯೋವನ್ನಾದರೂ ಪೂರ್ತಿ ಕೇಳಿ. ಕೇಳಿದ್ದು ನಿಜ ಎಂದು ಮೊದಲ ಸಾಲಿನಲ್ಲೇ ಗೊತ್ತಾಗಬೇಕು. ನಾನು ಬರೆಯುವುದು ಹೀಗೆ:

'ನಮಸ್ಕಾರ. ಎರಡನೇ ಕೋರಸಿನ ಕೊನೆಯ ನಾಲ್ಕು ಬಾರ್ ನೀವು ಏನೂ ನುಡಿಸಲಿಲ್ಲ. ಆ ಖಾಲಿ ಜಾಗದಿಂದಲೇ ಮುಂದಿನ ಸಾಲು ಎದ್ದು ಬಂತು. ನಾನು ಕಾಸರಗೋಡಿನಲ್ಲಿ ಪಿಯಾನೋ ನುಡಿಸುತ್ತೇನೆ. ಎಫ್ ಬ್ಲೂಸಿನ ಎರಡು ಕೋರಸ್ ಕಾಂಪಿಂಗ್ ಇದರ ಜೊತೆ ಇದೆ. ಮನಸ್ಸಾದರೆ ಒಂದು ಕೋರಸ್ ಅದರ ಮೇಲೆ ನುಡಿಸುತ್ತೀರಾ? ಅವಸರ ಇಲ್ಲ.'

ಕೇಳುವುದು ಚಿಕ್ಕದಾಗಿರಲಿ. 24 ಸೆಕೆಂಡಿನ ಕೆಲಸಕ್ಕೆ ಜನ ಒಪ್ಪುತ್ತಾರೆ, ಆಲ್ಬಂ ಮಾಡೋಣ ಎಂದರೆ ಹಿಂಜರಿಯುತ್ತಾರೆ. ಉತ್ತರ ಬರದಿದ್ದರೆ ಮೂರು ವಾರ ಬಿಟ್ಟು ಒಮ್ಮೆ ನೆನಪಿಸಿ, ಮತ್ತೆ ಬೇಡ. ಅವರ ಹೊಸ ವಿಡಿಯೋ ಮಾತ್ರ ಕೇಳುತ್ತಾ ಇರಿ.

ಎಲ್ಲಿ ಹುಡುಕುವುದು? ದೊಡ್ಡ ಹೆಸರಿನವರ ಹತ್ತಿರ ಅಲ್ಲ. ಪಾಠದ ವಿಡಿಯೋಗಳ ಕೆಳಗೆ ಒಳ್ಳೆಯ ಪ್ರಶ್ನೆ ಕೇಳುವವರನ್ನು ಗಮನಿಸಿ. ಅವರು ನಿಮ್ಮ ಮಟ್ಟದವರೇ, ಅವರಿಗೂ ಜೊತೆ ಬೇಕು. ಬೆಂಗಳೂರು, ಗೋವಾ, ಮುಂಬೈ, ಚೆನ್ನೈ ಕಡೆ ಸಂಗೀತ ಕಲಿಯುತ್ತಿರುವ ಹುಡುಗ ಹುಡುಗಿಯರು ಬಹಳ ಇದ್ದಾರೆ.

ಇನ್ನೂ ಹತ್ತಿರ ನೋಡಿ. ಬೇಳದ ಇಗರ್ಜಿಯಲ್ಲೋ ಮಂಗಳೂರಿನ ಇಗರ್ಜಿಗಳಲ್ಲೋ ಕೀಬೋರ್ಡ್, ಗಿಟಾರ್ ನುಡಿಸುವವರಿಗೆ ಕಾರ್ಡ್ ಓದಲು ಬರುತ್ತದೆ. ಮದುವೆ ಬ್ಯಾಂಡಿನ ಟ್ರಂಪೆಟ್ ವಾದಕರಿಗೆ ಉಸಿರಿದೆ. ಅವರು ತಮ್ಮನ್ನು ಜಾಝ್ ವಾದಕರು ಎಂದು ಕರೆದುಕೊಳ್ಳುವುದಿಲ್ಲ, ಅಷ್ಟೇ. ಚೆಂಡೆ, ಮದ್ದಳೆ, ಮೃದಂಗದವರನ್ನೂ ಬಿಡಬೇಡಿ. ನಮ್ಮ ಪಕ್ಕದ ಬಂಟ್ವಾಳ ಕಡೆಯ ಸಜಿಪದಿಂದ ಬಂದ ಕದ್ರಿ ಗೋಪಾಲನಾಥರು ಸ್ಯಾಕ್ಸೊಫೋನನ್ನು ಕರ್ನಾಟಕ ಸಂಗೀತಕ್ಕೆ ತಂದರು. ಅವರು ಅಮೆರಿಕದ ಜಾಝ್ ವಾದಕ ರುದ್ರೇಶ್ ಮಹಂತಪ್ಪ ಅವರ ಜೊತೆ ಮಾಡಿದ ಆಲ್ಬಂ 2008ರಲ್ಲಿ ಬಂತು. ಅಮೆರಿಕದವರೇ ಆದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೋ 1980ರ ದಶಕದಲ್ಲಿ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಬಳಗದ ಜೊತೆ ರೆಕಾರ್ಡ್ ಮಾಡಿದರು. ಚೆಂಡೆಯವರನ್ನು ಜಾಝ್‌ಗೆ ಕರೆಯಲು ನಾವು ಹೆದರಬೇಕಿಲ್ಲ ಎನ್ನುವುದಕ್ಕೆ ಇವರನ್ನು ನೆನೆದೆ.

ಹೊರದೇಶದವರ ಜೊತೆ ಮಾತಿಗೆ ಹೊತ್ತು ನೋಡಿಕೊಳ್ಳಿ. ನ್ಯೂಯಾರ್ಕ್ ನಮಗಿಂತ ಬೇಸಿಗೆಯಲ್ಲಿ ಒಂಬತ್ತೂವರೆ ಗಂಟೆ, ಚಳಿಗಾಲದಲ್ಲಿ ಹತ್ತೂವರೆ ಗಂಟೆ ಹಿಂದೆ. ನಮ್ಮ ರಾತ್ರಿ ಎಂಟೂವರೆ ಅವರ ಬೆಳಿಗ್ಗೆ.

ಆರನೇ ಹೆಜ್ಜೆ: ಕೇಳುವವರು

ಕನ್ನಡದಲ್ಲಿ ಮಾತಾಡಿ. ಇದನ್ನು ಒತ್ತಿ ಹೇಳುತ್ತೇನೆ. ಇಂಗ್ಲಿಷಿನಲ್ಲಿ ಜಾಝ್ ವಿವರಿಸುವವರು ಸಾವಿರಾರು ಜನ ಇದ್ದಾರೆ. ನೀರ್ಚಾಲಿನ ಅಂಗಡಿ ಜಗಲಿಯಲ್ಲಿ ಕೂತವರಿಗೆ, ಪುತ್ತೂರಿನ ಅಧ್ಯಾಪಕಿಗೆ, ದುಬೈಯಲ್ಲಿ ಕೆಲಸ ಮುಗಿಸಿ ರೂಮಿಗೆ ಬಂದ ನಮ್ಮೂರಿನ ಹುಡುಗನಿಗೆ ಅವರದೇ ಮಾತಿನಲ್ಲಿ ಹೇಳುವವರು ಎಷ್ಟು ಜನ ಇದ್ದಾರೆ?

60ರಿಂದ 90 ಸೆಕೆಂಡಿನ ವಿಡಿಯೋ ಮಾಡಿ. ಒಂದು ವಿಡಿಯೋದಲ್ಲಿ ಒಂದೇ ಸಂಗತಿ. ಮೊದಲು ರಾಗದ ಸಾಲು ನುಡಿಸಿ, 'ಇದು ಪದ' ಎನ್ನಿ. ಆಮೇಲೆ ಅದೇ ಕಾರ್ಡಿನ ಮೇಲೆ ನಿಮ್ಮದು ನುಡಿಸಿ, 'ಇದು ಅರ್ಥ' ಎನ್ನಿ. ನಮ್ಮ ಕಡೆಯವರಿಗೆ ಬೇರೆ ವಿವರಣೆ ಬೇಕಿಲ್ಲ. ಅಮೆರಿಕದ ಪಿಯಾನೋ ವಾದಕ ಡೇವ್ ಬ್ರೂಬೆಕ್ ಬಳಗ 1959ರಲ್ಲಿ ರೆಕಾರ್ಡ್ ಮಾಡಿದ 'ಟೇಕ್ ಫೈವ್' ಐದು ಬೀಟಿನದ್ದು. ಅದರ ಲಯವನ್ನು ಒಮ್ಮೆ ಎಡಗೈಯಲ್ಲಿ ತೋರಿಸಿದ್ದೆ. ಹಿರಿಯ ಮದ್ದಳೆಗಾರರೊಬ್ಬರು ಕೆಳಗೆ ಬರೆದರು: 'ಇದು ಖಂಡಚಾಪು ಅಲ್ವಾ ಮಾರಾಯ್ರೇ?' ಹೌದು, ಆದರೆ ನಮ್ಮದು ಎರಡು ಮತ್ತು ಮೂರು, ಅವರದು ಮೂರು ಮತ್ತು ಎರಡು. ಉತ್ತರ ಬರೆಯುವ ಬದಲು ಎರಡನ್ನೂ ನುಡಿಸಿ ಮರುದಿನ ಹಾಕಿದೆ. ನನಗೆ ಅತಿ ಹೆಚ್ಚು ಕೇಳುಗರು ಸಿಕ್ಕಿದ್ದು ಆ ಉತ್ತರಕ್ಕೆ. ಅಂದಿನಿಂದ ಒಳ್ಳೆಯ ಪ್ರಶ್ನೆ ಬಂದಾಗಲೆಲ್ಲ ಪಿಯಾನೋದಲ್ಲೇ ಉತ್ತರ ಕೊಡುತ್ತೇನೆ.

ಶೀರ್ಷಿಕೆ ಕನ್ನಡದಲ್ಲಿರಲಿ, ಅದರ ಕೆಳಗೆ ಮಲಯಾಳದಲ್ಲೂ ಇಂಗ್ಲಿಷಿನಲ್ಲೂ ಒಂದೊಂದು ಸಾಲು. ತುಳುವಿನಲ್ಲಿ ಮಾತಾಡಲು ಬರುವವರು ತುಳುವಿನಲ್ಲೂ ಮಾಡಿ. ಗಲ್ಫಿನವರಿಗಾಗಿ ರಾತ್ರಿ ಒಂಬತ್ತೂವರೆಗೆ ಹಾಕಿ, ಆಗ ದುಬೈಯಲ್ಲಿ ಎಂಟು ಗಂಟೆ. ವಾಟ್ಸ್ಆಪ್ ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ 256 ಜನರನ್ನು ಸೇರಿಸಬಹುದು. ಆದರೆ ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಸಂದೇಶ ಹೋಗುತ್ತದೆ. ಕೇಳದೆ ಯಾರನ್ನೂ ಸೇರಿಸಬೇಡಿ.

ಲೈವ್ ಮಾಡುವುದಾದರೆ ತಿಂಗಳಿಗೊಂದು, ಅದೇ ವಾರ, ಅದೇ ಹೊತ್ತು. ಯೂಟ್ಯೂಬ್‌ನಲ್ಲಿ ಮೊದಲ ಸಲ ಲೈವ್ ಆನ್ ಮಾಡಲು 24 ಗಂಟೆ ಮೊದಲೇ ಅನುಮತಿ ಕೇಳಿಡಬೇಕು. ಫೋನಿನಿಂದ ಮಾಡಲು ಕನಿಷ್ಠ 50 ಚಂದಾದಾರರು ಬೇಕು. ಕಂಪ್ಯೂಟರಿಗೆ ಲೈವ್ ಕಳಿಸುವ ಉಚಿತ ತಂತ್ರಾಂಶ ಒಬಿಎಸ್ ಸ್ಟುಡಿಯೋ ಸಾಕು. 720 ಪಿಕ್ಸೆಲ್ಲಿಗೆ 4 ಎಂಬಿಪಿಎಸ್ ಇಟ್ಟುಕೊಂಡರೆ ನಿಮ್ಮ ಅಪ್‌ಲೋಡ್ ವೇಗ ಅದರ ಎರಡರಷ್ಟಾದರೂ ಇರಬೇಕು. ಶುರುವಿಗೆ ಒಳ್ಳೆಯ ದಿನ ಏಪ್ರಿಲ್ 30. ಯುನೆಸ್ಕೋ 2011ರಲ್ಲಿ ಅದನ್ನು ಅಂತಾರಾಷ್ಟ್ರೀಯ ಜಾಝ್ ದಿನ ಎಂದು ಘೋಷಿಸಿತು. ಆಗ ನಮ್ಮಲ್ಲಿ ಮಳೆಗಾಲವೂ ಶುರುವಾಗಿರುವುದಿಲ್ಲ.

ಹಕ್ಕುಗಳ ವಿಷಯ

ಹಳೆಯ ಹಾಡು ನುಡಿಸಿದರೆ ಕ್ಲೇಮ್ ಬರಬಹುದು. ಗಾಬರಿಯಾಗಬೇಡಿ. ಯೂಟ್ಯೂಬ್ ತಾನೇ ಹಾಡು ಗುರುತಿಸಿ ಹಾಕುವ ಕಂಟೆಂಟ್ ಐಡಿ ಕ್ಲೇಮ್ ಬೇರೆ, ಚಾನೆಲ್ಲಿಗೆ ಬೀಳುವ ದಂಡದಂಥ ಸ್ಟ್ರೈಕ್ ಬೇರೆ. ಕ್ಲೇಮ್ ಬಂದರೆ ಹೆಚ್ಚಾಗಿ ಜಾಹೀರಾತಿನ ಹಣ ಹಕ್ಕುದಾರರಿಗೆ ಹೋಗುತ್ತದೆ, ಅಷ್ಟೇ. ನಮ್ಮ ದೇಶದಲ್ಲಿ ಸಂಗೀತ ರಚಿಸಿದವರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಇರುತ್ತದೆ. ಅಮೆರಿಕದಲ್ಲಿ ಹಳೆಯ ಹಾಡುಗಳಿಗೆ ಪ್ರಕಟವಾದಲ್ಲಿಂದ 95 ವರ್ಷ. ಹಾಗಾಗಿ 1930ರಲ್ಲಿ ಪ್ರಕಟವಾದವು ಅಲ್ಲಿ 2026ರ ಜನವರಿ 1ಕ್ಕೆ ಮುಕ್ತವಾದವು. ಹಾಡಿನ ಹಕ್ಕು ಬೇರೆ, ರೆಕಾರ್ಡಿಂಗಿನ ಹಕ್ಕು ಬೇರೆ. ಬೇರೆಯವರ ರೆಕಾರ್ಡಿಂಗನ್ನು ಹಿನ್ನೆಲೆಗೆ ಹಾಕಲೇಬೇಡಿ.

ಇದಕ್ಕೆ ಜಾಝ್‌ನವರು ಹಿಂದೆಯೇ ಕಂಡುಕೊಂಡ ಚೆಂದದ ದಾರಿ ಇದೆ. ಹಳೆಯ ಕಾರ್ಡ್‌ಗಳನ್ನು ಇಟ್ಟುಕೊಂಡು ಅದರ ಮೇಲೆ ಹೊಸ ರಾಗ ಕಟ್ಟುವುದು. ಅಮೆರಿಕದ ಸಂಗೀತ ರಚನಾಕಾರ ಗೆರ್ಶ್ವಿನ್ ಅವರ 1930ರ 'ಐ ಗಾಟ್ ರಿದಂ' ಹಾಡಿನ ಕಾರ್ಡ್‌ಗಳ ಮೇಲೆ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಪಾರ್ಕರ್ ಕಾಲದವರು ಎಷ್ಟೋ ಹೊಸ ರಾಗ ಕಟ್ಟಿದರು. ಆ ಕಾರ್ಡ್ ಸಾಲನ್ನು ಇವತ್ತಿಗೂ 'ರಿದಂ ಚೇಂಜಸ್' ಎಂದೇ ಕರೆಯುತ್ತಾರೆ. ನೀವೂ ಒಂದು ಕಟ್ಟಿ. ಹೆಸರು ಕನ್ನಡದಲ್ಲಿಡಿ.

ಹಣದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಯೂಟ್ಯೂಬ್ ಜಾಹೀರಾತಿನ ಪಾಲು ಸಿಗಲು 1,000 ಚಂದಾದಾರರು, ಒಂದು ವರ್ಷದಲ್ಲಿ 4,000 ಗಂಟೆ ವೀಕ್ಷಣೆ ಬೇಕು. ಸ್ಪಾಟಿಫೈನಲ್ಲಿ ಒಂದು ಹಾಡು 12 ತಿಂಗಳಲ್ಲಿ 1,000 ಸಲ ಕೇಳಿಸಿಕೊಂಡರೆ ಮಾತ್ರ ಅದು ಹಣದ ಲೆಕ್ಕಕ್ಕೆ ಬರುತ್ತದೆ. ಇದರ ಹಿಂದೆ ಓಡುವುದಕ್ಕಿಂತ ವಾರಕ್ಕೆ ನಾಲ್ಕು ಆನ್‌ಲೈನ್ ಪಾಠ ಹೇಳುವುದು ಒಳ್ಳೆಯದು ಎಂದು ನನಗನಿಸುತ್ತದೆ.

ಕೊನೆಯ ಹೆಜ್ಜೆ: ಮನೆಗೆ ಕರೆಯಿರಿ

ಆರೆಂಟು ಫೈಲ್ ಹೋಗಿ ಬಂದ ಮೇಲೆ ಒಬ್ಬರನ್ನಾದರೂ ಊರಿಗೆ ಕರೆಯಿರಿ. ಮಳೆ ಮುಗಿದು ಅಡಿಕೆ ಕೊಯ್ಲಿನ ಕೆಲಸ ಹೆಚ್ಚಾಗುವ ಮೊದಲಿನ ದಿನಗಳು ಒಳ್ಳೆಯದು. ಚಾವಡಿಯಲ್ಲಿ ಚಾಪೆ ಹಾಸಿದರೆ 30 ಜನ ಕೂರಬಹುದು. ವಾಟ್ಸ್ಆಪ್ ಪಟ್ಟಿಯ ಹತ್ತಿರದವರನ್ನು ಕರೆಯಿರಿ. ಸಂಜೆ ಆರಕ್ಕೆ ಶುರು ಮಾಡಿ ಎಂಟಕ್ಕೆ ಊಟ ಬಡಿಸಿ.

ಆ ಒಂದೂವರೆ ಸೆಮಿಟೋನಿನ ಗೆಳೆಯ ಕಾಸರಗೋಡು ಸ್ಟೇಷನ್ನಿನಲ್ಲಿ ಬೇಸ್ ಹೊತ್ತುಕೊಂಡು ಇಳಿದಾಗ ನಾವು ಮೊದಲ ಸಲ ಮುಖ ನೋಡಿದ್ದು. ಮನೆಗೆ ಬಂದು, ಚಾ ಕುಡಿದು, ಅದೇ ಎಫ್ ಬ್ಲೂಸ್ ಹಿಡಿದೆವು. ಮೆಟ್ರೊನೋಮ್ ಇಡಲಿಲ್ಲ. ಆಮೇಲೆ ರೆಕಾರ್ಡಿಂಗ್ ಅಳೆದು ನೋಡಿದರೆ 120 ಇರಲಿಲ್ಲ, 108ರಲ್ಲಿ ಕೂತಿತ್ತು. ಈಗ ಇಬ್ಬರೂ ಫೈಲ್ ಕಳಿಸುವಾಗ 108ಕ್ಕೇ ಎಣಿಸುತ್ತೇವೆ.